ಕೇಳದೆ ತೂಬು ಎತ್ತಿದ ನೀರುಗಂಟಿ

“ಗುರುಗಳೇ, ಎಷ್ಟು ಹೇಳಿದರೂ ಎಚ್ಚರ ಕಲಿಯದವರನ್ನು ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಈಗ ಒಂದು ವಿಶ್ವವಿದ್ಯಾಲಯದ ಕುಲಸಚಿವ. ಓದುವ ಕಾಲದಲ್ಲಿ ಗುರುಗಳ ಬಳಿಗೆ ಪ್ರಶ್ನೆ ಹೊತ್ತು ಬರುತ್ತಿದ್ದವನು ಈಚೆಗೆ ದೂರು ಹೊತ್ತು ಬರುತ್ತಿದ್ದ. ಅವನ ಪರೀಕ್ಷಾ ವಿಭಾಗದಲ್ಲಿ ದಾಕ್ಷಾಯಿಣಿ ಎಂಬ ಗುಮಾಸ್ತೆ ಇದ್ದಳು. ಅವಳ ಫೋನಿಗೆ ಒಂದು ಸಂದೇಶ ಬಂತು. ಅದರಲ್ಲಿ ಕುಲಸಚಿವರದೇ ಹೆಸರು, ಅವರದೇ ಫೋಟೊ. ‘ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ, ಪಾಸ್‌ವರ್ಡ್ ಕೂಡಲೇ ಕಳಿಸಿ’ ಎಂದಿತ್ತು. ಅವಳು ಕಳಿಸಿದಳು. ಸಂಜೆಯ ಹೊತ್ತಿಗೆ ಸಾವಿರಾರು ವಿದ್ಯಾರ್ಥಿಗಳ ವಿಳಾಸ, ಅಂಕ, ಬ್ಯಾಂಕ್ ಖಾತೆಯ ವಿವರ ಯಾರದೋ ಪಾಲಾಗಿತ್ತು.

“ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಅನುಮಾನ ಬಂದರೆ ಮೊದಲು ಕೇಳಿ ಅಂತ ಗೋಡೆಗೋಡೆಗೂ ಅಂಟಿಸಿದ್ದೇವೆ. ಹೇಳಿ ಹೇಳಿ ನಾಲಿಗೆ ಸವೆದುಹೋಯಿತು, ಗುರುಗಳೇ. ನಾಳೆ ಆಕೆಯನ್ನು ಕೆಲಸದಿಂದ ತೆಗೆಯುತ್ತಿದ್ದೇನೆ. ಅದರಲ್ಲಿ ತಪ್ಪೇನಾದರೂ ಇದೆಯೇ?”

ಗುರುಗಳಿಗೂ ದಣಿವಾಗಿತ್ತು. ನಾನು ಮಾಡುವುದು ಸರಿ ಎನ್ನಿ ಎಂದು ಕೇಳಲು ಬಂದವರಿಗೆಲ್ಲ ಉತ್ತರ ಹೇಳಿ ಬಂದ ದಣಿವು ಅದು. ಗೋಡೆಗೆ ಒರಗಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಕೆರೆ ಇತ್ತು. ಕೆರೆಗೆ ಒಬ್ಬ ನೀರುಗಂಟಿ ಇದ್ದ. ಗೌಡರು ಹೇಳಿದಾಗ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಹೇಳಿದಾಗ ಮುಚ್ಚುವುದು ಅವನ ಕೆಲಸ. ಗೌಡರ ಅಪ್ಪಣೆ ಯಾರಾದರೊಬ್ಬ ಆಳಿನ ಬಾಯಲ್ಲಿ ಬರುತ್ತಿತ್ತು. ಆದರೆ ನೀರುಗಂಟಿ ಆಳಿನ ಮಾತು ಕೇಳಿ ತೂಬಿಗೆ ಕೈ ಹಾಕಿದವನಲ್ಲ. ಊರಿನ ಆ ತುದಿಯಲ್ಲಿದ್ದ ಗೌಡರ ಮನೆಯವರೆಗೆ ನಡೆದುಹೋಗಿ, ಅವರ ಬಾಯಿಂದಲೇ ಇನ್ನೊಮ್ಮೆ ಕೇಳಿ, ಮರಳಿ ಬಂದು ಎತ್ತುತ್ತಿದ್ದ. ಅವನ ಅಪ್ಪ ಕಲಿಸಿದ್ದು ಹಾಗೆ.

ಊರವರಿಗೆ ಇದು ನಗೆಯ ವಿಷಯವಾಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅವನನ್ನು ಕಂಡಾಗಲೆಲ್ಲ ಆಡಿಕೊಳ್ಳುತ್ತಿದ್ದರು. ನೀರಿಗೆ ಕಾಯುವವರು ತಡವಾಯಿತೆಂದು ಬೈಯುತ್ತಿದ್ದರು. ಅವನು ಎದುರಾಡುತ್ತಿರಲಿಲ್ಲ. ವಯಸ್ಸಾಗಿತ್ತು, ಮಂಡಿ ನೋಯುತ್ತಿತ್ತು. ಆದರೂ ನಡೆಯುತ್ತಿದ್ದ. ಮಾಡಿದ್ದು ಸರಿ ಎಂದು ಒಬ್ಬರಾದರೂ ಒಮ್ಮೆ ಹೇಳಿದ್ದರೆ ಆ ದಾರಿ ಅವನಿಗೆ ಅಷ್ಟು ದೂರ ಅನ್ನಿಸುತ್ತಿರಲಿಲ್ಲವೇನೋ. ಯಾರೂ ಹೇಳಲಿಲ್ಲ.

ಒಮ್ಮೆ ಗೌಡರ ಜಗಲಿಯ ಮೇಲೆ ಪರವೂರಿನ ನೆಂಟರು ಕೂತಿದ್ದರು. ಕೆಳಗಿನ ಊರಿನವರೂ ಅವರಲ್ಲಿದ್ದರು. ನೀರುಗಂಟಿ ಕೆಸರುಗಾಲಲ್ಲಿ ಬಂದು ಅಂಗಳದಲ್ಲಿ ನಿಂತ.

“ತೂಬು ಎತ್ತೋಕೆ ಹೇಳಿ ಕಳಿಸಿದ್ದು ತಾವೇನಾ ಗೌಡ್ರೇ?”

ನೆಂಟರು ನಕ್ಕುಬಿಟ್ಟರು. ನಿಮ್ಮ ಮಾತು ನಿಮ್ಮ ನೀರುಗಂಟಿಗೇ ಸಾಲದಲ್ಲ ಎಂದು ಒಬ್ಬ ಚುಚ್ಚಿದ. ಗೌಡರ ಮುಖ ಕೆಂಪಾಯಿತು.

“ನನ್ನ ಮಾತಿಗೂ ಸಾಕ್ಷಿ ಬೇಕೇನೋ ನಿಂಗೆ? ಇನ್ನೊಂದ್ಸಲ ಹಿಂಗೆ ಬಂದು ನಿಂತ್ರೆ ಕೆರೆ ಕಡೆ ತಲೆ ಹಾಕ್ಬೇಡ, ಹೋಗು.”

ಅವನು ಹೋದ. ತೂಬು ಎತ್ತಿದ. ಆ ದಿನ ಅಪ್ಪಣೆ ನಿಜವಾಗಿಯೂ ಗೌಡರದೇ ಆಗಿತ್ತು. ಅಪ್ಪಣೆ ನಿಜವಾಗಿದ್ದ ದಿನ ಕೇಳಿದವನು ಪೆದ್ದನಂತೆ ಕಾಣುತ್ತಾನೆ. ಕೇಳುವವನ ಹಣೆಬರಹವೇ ಅಷ್ಟು.

ಭತ್ತ ತೆನೆಯಾಗುವ ಕಾಲ ಬಂತು. ಊರಿನ ಅನ್ನವೆಲ್ಲ ಆ ಕೆರೆಯ ನೀರಿನಲ್ಲಿತ್ತು. ಒಂದು ಮಧ್ಯಾಹ್ನ ಒಬ್ಬ ಆಳು ಓಡೋಡಿ ಬಂದ. ಗೌಡರು ಹೇಳಿದ್ದಾರೆ, ಈ ಕ್ಷಣವೇ ತೂಬು ಎತ್ತಬೇಕು, ಬೆಳಗಾಗುವವರೆಗೆ ಮುಚ್ಚಬಾರದು, ತಡಮಾಡಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದ. ಆ ಮುಖವನ್ನು ನೀರುಗಂಟಿ ನೋಡಿದವನಲ್ಲ. ಇಡೀ ರಾತ್ರಿ ನೀರು ಬಿಡುವ ರೂಢಿಯೂ ಆ ಊರಿನಲ್ಲಿ ಇರಲಿಲ್ಲ. ಇದರಲ್ಲಿ ಏನೋ ಇದೆ ಎಂದು ಅವನಿಗೆ ಹೊಳೆಯಿತು.

ಊರಿನ ಕಡೆ ಹೊರಟ. ಕೆರೆ ಏರಿಯ ತುದಿಯವರೆಗೆ ಹೋಗಿ ನಿಂತ. ಜಗಲಿ ನೆನಪಾಯಿತು. ನೆಂಟರ ನಗು ನೆನಪಾಯಿತು. ಅವನಿಗೆ ಭಯವಾಯಿತು, ನಿಜ. ಆದರೆ ಭಯಕ್ಕಿಂತ ಹೆಚ್ಚಾಗಿ ಅವನಿಗೆ ಸಾಕಾಗಿತ್ತು. ನೀರು ಅವರದು, ಮಾತು ಅವರದು, ನನಗೇಕೆ ಇಲ್ಲದ ಉಸಾಬರಿ ಎಂದುಕೊಂಡ. ಹಿಂತಿರುಗಿ ಬಂದು ತೂಬು ಎತ್ತಿ, ಮನೆಗೆ ಹೋಗಿ ಮಲಗಿದ. ಅಷ್ಟು ಗಾಢವಾಗಿ ಅವನು ನಿದ್ದೆ ಮಾಡಿ ಬಹಳ ಕಾಲವಾಗಿತ್ತು.

ಆಳನ್ನು ಕಳಿಸಿದವರು ಕೆಳಗಿನ ಊರಿನವರು. ಕಾಲುವೆಯ ಕವಲುಗಳಿಗೆಲ್ಲ ಮಣ್ಣು ಹಾಕಿ, ನೀರನ್ನು ನೇರವಾಗಿ ತಮ್ಮ ಗದ್ದೆಗಳಿಗೆ ಹರಿಸಿಕೊಂಡಿದ್ದರು. ಬೆಳಗ್ಗೆ ಬಿಂದಿಗೆ ಹಿಡಿದು ಬಂದ ಹೆಂಗಸರಿಗೆ ಕೆರೆಯಲ್ಲಿ ಕಂಡದ್ದು ಕೆಸರು, ಕೆಸರಿನಲ್ಲಿ ಒದ್ದಾಡುವ ಮೀನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಊರವರೆಲ್ಲ ಸೇರಿ ತೂಬು ಮುಚ್ಚಿದರು. ತೆನೆ ಕಟ್ಟಬೇಕಿದ್ದ ಪೈರು ಆ ವರ್ಷ ಜೊಳ್ಳಾಯಿತು.

ಗೌಡರು ಊರ ಮುಂದೆ ನೀರುಗಂಟಿಯನ್ನು ನಿಲ್ಲಿಸಿದರು.

“ಒಂದು ಮಾತು ನನ್ನನ್ನ ಕೇಳ್ಬಾರ್ದಿತ್ತೇನೋ?”

ನೀರುಗಂಟಿ ತಲೆ ಎತ್ತಲಿಲ್ಲ. ಸಿಟ್ಟಾಗುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

“ಕೇಳಿದ್ನಲ್ಲ ಗೌಡ್ರೇ, ಹೋದ ಸಲ.”

ಗೌಡರು ಅವನನ್ನು ಕೆಲಸದಿಂದ ಬಿಡಿಸಿ ಬೇರೊಬ್ಬನನ್ನು ಇಟ್ಟುಕೊಂಡರು. ಹೊಸಬ ಚುರುಕಾಗಿದ್ದ. ಯಾರು ಬಂದು ಏನು ಹೇಳಿದರೂ ಕೂಡಲೇ ತೂಬು ಎತ್ತುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ರೇಗಿಹೋಗಿತ್ತು.

“ಎಂಥ ಗೌಡ, ಗುರುಗಳೇ! ಕೆರೆ ಬರಿದು ಮಾಡಿದವನು ಅವನೇ. ಪಾಪ, ಆ ಮುದುಕನಿಗೆ ಶಿಕ್ಷೆ.”

ಗುರುಗಳು ಬಳಲಿದ ಕಣ್ಣುಗಳಿಂದ ಅವನನ್ನು ನೋಡಿದರು.

“ಹಿಂದೆ ಯಾವತ್ತೋ ಆ ಹೆಣ್ಣುಮಗಳು ನಿನಗೆ ಫೋನ್ ಮಾಡಿ, ‘ಸರ್, ಇದನ್ನು ಕಳಿಸಿದ್ದು ನೀವೇನಾ’ ಅಂತ ಕೇಳಿರಬೇಕಲ್ಲ, ಆಗ ನೀನು ಏನಂದೆ?”

“‘ಇಷ್ಟಕ್ಕೆಲ್ಲ ಫೋನ್ ಮಾಡಬೇಡಿ’ ಅಂದಿದ್ದೆ, ಗುರುಗಳೇ,” ಎಂದ ಶಿಷ್ಯ.