ಬೆಳ್ಳಿ ತೊಟ್ಟ ಕೀಲಿಕೈ

"ಕೇಳ್ರಪ್ಪೋ ಕೇಳ್ರಿ! ಮಹಾರಾಜರ ಕಾರು ನಿಂತು ಎಂಟು ದಿನ ಆತು! ಅವರ ಮೂರು ಒಗಟು ಬಿಡಿಸಿ ಕಾರು ಚಾಲೂ ಮಾಡಿದವರಿಗೆ ಬೇಡಿದ್ದು ಸಿಗತೈತಿ! ತಪ್ಪಿದವರ ತಲಿ ಹೋಗತೈತಿ! ಕಾರು ಕೆಡಿಸಿದ ಕೈ ಯಾರದರ ಇರಲಿ, ಆ ಕೈ ಕಡಿಯೋದು ಖರೆ!"

ಉರಿಗೋಟೆಯ ಓಣಿ ಓಣಿಯಲ್ಲಿ ಡಂಗುರ ಸಾರಿದಾಗ ಪಂಕ್ಚರ್ ತಿದ್ದುವ ದ್ಯಾಮ ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟ. ಕಾರು ಕೆಡಿಸಿದವನೆಂದು ಕಟ್ಟಿಹಾಕಿದ್ದು ಅವನ ಅಣ್ಣನನ್ನೇ, ಅರಮನೆಯ ಡ್ರೈವರ್ ಬಸೆಟ್ಟೆಪ್ಪನನ್ನು. ಒಗಟು ಬಿಡಿಸುವವರು ಸಿಗದಿದ್ದರೆ ಸಂಜೆಗೆ ಅವನ ಬಲಗೈ ಹೋಗುತ್ತಿತ್ತು. ಕೈ ಹೋದ ಡ್ರೈವರನಿಗೆ ಉಳಿಯುವುದಾದರೂ ಏನು? ದ್ಯಾಮ ಇಕ್ಕಳ, ಟ್ಯೂಬಿನ ತುಂಡುಗಳಿದ್ದ ಚೀಲ ಹೆಗಲಿಗೆ ಹಾಕಿಕೊಂಡು ಕೋಟೆಗೆ ಓಡಿದ.

ಅಂಗಳದಲ್ಲಿ ಕರಿ ಕಾರು, ಅದರ ಪಕ್ಕ ಕೊಡಲಿ ಹಿಡಿದ ತಳವಾರ ಮುದಕಪ್ಪ. ರಾಜ ಕಾಳಿಂಗರಾಯ ಗುಡುಗುತ್ತಿದ್ದ: "ಸ್ಟೀರಿಂಗ್ ಹತ್ರ ಹಗಲೆಲ್ಲ ಮಿಟುಕುವ ಈ ಕೆಂಪು ದೀಪದ ಕಣ್ಣು ಏನು ಹೇಳತೈತಿ? ಹೊಟ್ಟಿ ತುಂಬ ಪೆಟ್ರೋಲ್ ಇದ್ದೂ ಕಾರು ಗುರ್ ಅಂದು ಎರಡು ಉಸಿರಿಗೆ ಯಾಕ ಸಾಯತೈತಿ? ಒಡೆಯನ ಕಾರು ಕೆಡಿಸಿದ ದ್ರೋಹಿ ಯಾರು?"

ಕಾರು ರಿಪೇರಿ ಮಾಡುವ ಅರಮನೆಯ ಮೇಸ್ತ್ರಿ ಮುಂದೆ ಬಂದ. "ಬ್ಯಾಟರಿ ಸತ್ತೈತ್ರಿ, ಅಷ್ಟ," ಎಂದು ಹೊಸದು ಕೂರಿಸಿದ. ಕಾರು ಗುರ್ ಎಂದು ಮತ್ತೆ ಸತ್ತಿತು. ಕೊಡಲಿ ಬಿತ್ತು, ತಲೆ ಉರುಳಿ ಕಾರಿನ ಅಡಿಗೆ ಹೋಯಿತು.

ಪಟ್ಟಣದ ತಜ್ಞನೊಬ್ಬ ಕೆಂಪು ದೀಪದ ವೈರು ಕತ್ತರಿಸಿದ. ಕಾರಿನ ಹಾರ್ನ್ ಊರಿಗೆಲ್ಲ ಕೇಳುವಂತೆ ಊಳಿಟ್ಟಿತು. "ದೆವ್ವ ಹೊಕ್ಕೈತ್ರಿ!" ಎಂದ. ರಾಜ ಕತ್ತಿಯ ಹಿಡಿಯಿಂದ ಗುದ್ದಿದ ಏಟಿಗೆ ಅವನ ಹಲ್ಲುಗಳು ಉದುರಿದವು, ಆಮೇಲೆ ತಲೆಯೂ. ಮುದಕಪ್ಪ ರಾಜನ ಕಡೆ ನೋಡದೆ ಕೊಡಲಿ ಒರೆಸಿದ.

ಈಗ ದ್ಯಾಮ ಮುಂದೆ ಬಂದ. ಕತ್ತರಿಸಿದ ವೈರನ್ನು ಜೋಡಿಸಿ ಸುತ್ತಿದ, ಊಳು ನಿಂತಿತು. ಮತ್ತೇನನ್ನೂ ಮುಟ್ಟದೆ ಕಂಬಕ್ಕೆ ಕಟ್ಟಿದ್ದ ಅಣ್ಣನ ಹತ್ತಿರ ಹೋದ. ಕೆಟ್ಟ ಗಾಡಿಯನ್ನು ಬಿಚ್ಚುವ ಮೊದಲು ಓಡಿಸಿದವನನ್ನು ಕೇಳಬೇಕೆಂಬುದು ಸತ್ತ ಮೇಸ್ತ್ರಿಗೂ ಗೊತ್ತಿತ್ತು. ರಾಜನೆದುರು ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ.

"ಅಣ್ಣಾ, ಎಂದಿನಿಂದ ಹಿಂಗಾತು?"

"ಬನ್ನಿ ಹಬ್ಬದ ಮರುದಿನದಿಂದ, ತಮ್ಮಾ."

"ಹಬ್ಬಕ್ಕ ಹೊಸಾದು ಏನು ಮಾಡಿದ್ರಿ?"

ಬಸೆಟ್ಟೆಪ್ಪ ರಕ್ತ ಉಗುಳಿದ. ರಾಜನ ಸೊಂಟದ ಕಡೆ ನೋಡಿದ. ಅಲ್ಲಿ ಕಾರಿನ ಕೀಲಿಕೈ ಬೆಳ್ಳಗೆ ಹೊಳೆಯುತ್ತಿತ್ತು. ಮನೆದೇವರಿಗೆ ಇದ್ದ ಹಾಗೆ ತನ್ನ ಕೀಲಿಕೈಗೂ ಬೆಳ್ಳಿ ಕವಚ ಬೇಕೆಂದು ರಾಜ ಹಟ ಹಿಡಿದು ಹಬ್ಬಕ್ಕೆ ಬೆಳ್ಳಿ ಕೆಲಸದ ಪತ್ತಾರನ ಕೈಲಿ ಮಾಡಿಸಿದ್ದ ಸುದ್ದಿ ಊರಿಗೇ ಗೊತ್ತಿತ್ತು. ದ್ಯಾಮನಿಗೆ ಉತ್ತರ ಸಿಕ್ಕಿತು, ರಾಜನ ಮುಂದೆ ಹೋಗಿ ನಿಂತ.

"ಬುದ್ಧೀ, ಆ ಕೆಂಪು ಕಣ್ಣು ಕಾರಿನ ಕಾವಲುಗಾರಂದು. 'ನೀ ಯಾರಂತ ಗೊತ್ತಿಲ್ಲ' ಅಂತೈತಿ. ಗೊತ್ತಿಲ್ಲದವರು ಚಾಲೂ ಮಾಡಿದ್ರ ಅದು ಪೆಟ್ರೋಲ್ ತಡೀತೈತಿ, ಅದಕ್ಕ ಎರಡು ಉಸಿರಿಗೆ ಸಾಯತೈತಿ. ಇದು ರೋಗ ಅಲ್ರಿ, ಕಳ್ಳರಿಗೆ ಅಂತ ಕಾರ್ಖಾನ್ಯಾಗ ಇಟ್ಟ ಕಾವಲು."

"ದ್ರೋಹಿ ಯಾರು?"

ದ್ಯಾಮ ಕೀಲಿಕೈ ಕೇಳಿ ತಗೊಂಡ. ಇಕ್ಕಳ ಹಾಕಿ ಬೆಳ್ಳಿ ಕವಚ ಸೀಳಿ ತೆಗೆದ. "ಇದರ ತಲಿಯೊಳಗ ಅಕ್ಕಿಕಾಳಷ್ಟು ಚಿಪ್ ಐತ್ರಿ. ಕಾರು ಅದರ ಗುರುತು ಹಿಡೀತೈತಿ. ಬೆಳ್ಳಿ ಮುಚ್ಚಿದ ಮ್ಯಾಲೆ ಹೆಂಗ ಹಿಡಿಬೇಕು?"

ಒಮ್ಮೆ ತಿರುಗಿಸಿದ. ಕಾರು ಎದ್ದಿತು, ಸಾಯಲಿಲ್ಲ.

"ಆ ಪತ್ತಾರನನ್ನ ಎಳಕೊಂಡು ಬರ್ರಿ!" ಎಂದು ರಾಜ ಅರಚಿದ.

"ಪತ್ತಾರ ಹುಕುಮಿಗೆ ಮಾಡಿದಾನ್ರಿ. ಹುಕುಂ ನಿಮ್ಮದು. ದ್ರೋಹಿ ನೀವ."

ರಾಜ ಕತ್ತಿ ಎಳೆದು ನುಗ್ಗಿದ. ಮೊದಲ ಏಟಿಗೆ ದ್ಯಾಮನ ಭುಜ ಸೀಳಿತು. ಎರಡನೆಯದಕ್ಕೆ ಕತ್ತಿ ಮೇಲೆದ್ದಾಗ ಮುದಕಪ್ಪನ ಕೊಡಲಿ ಬೀಸಿ ಬಂತು. ಕತ್ತಿ ಹಿಡಿದ ಕೈ ಕತ್ತಿಯ ಸಮೇತ ನೆಲಕ್ಕೆ ಬಿತ್ತು.

"ಕಾರು ಕೆಡಿಸಿದ ಕೈ ಕಡಿಯೋ ಡಂಗುರ ನಿಮ್ಮದ ಐತಿ, ಬುದ್ಧೀ," ಎಂದು ಮುದಕಪ್ಪ ಅತ್ತ.

ದ್ಯಾಮ ಟ್ಯೂಬಿನ ರಬ್ಬರಿನಿಂದ ರಾಜನ ತೋಳನ್ನು ಬಿಗಿದು ಕಟ್ಟಿದ. ಕಟ್ಟು ಬಿಚ್ಚಿಸಿಕೊಂಡ ಬಸೆಟ್ಟೆಪ್ಪ ಇಬ್ಬರನ್ನೂ ಹಿಂದಿನ ಸೀಟಿಗೆ ಹತ್ತಿಸಿ, ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ವೈದ್ಯರ ಮನೆಯತ್ತ ಕಾರು ಓಡಿಸಿದ.

"ಬೇಡು," ಎಂದ ರಾಜ, ಹಲ್ಲು ಕಚ್ಚಿ.

"ಇಬ್ಬರನ್ನ ನಿಮ್ಮ ತಪ್ಪಿಗೆ ಕಡಿಸಿದ್ರಿ. ಅವರ ಮನ್ಯಾಗ ಇವತ್ತ ಏನಂತ ಹೇಳ್ತೀರಿ? ಅದನ್ನ ಹೇಳ್ರಿ, ನನಗ ಸಾಕು."

ರಾಜ ತನ್ನ ಮೊಂಡು ತೋಳಿನ ಕಡೆ ನೋಡಿದ. ಸೀಟೆಲ್ಲ ರಕ್ತ.

"ಬಸೆಟ್ಟೆಪ್ಪಾ," ಎಂದ ಕೊನೆಗೆ, "ವೈದ್ಯರು ಆಮ್ಯಾಲೆ. ಮೊದಲು ಮೇಸ್ತ್ರಿ ಮನಿ ಮುಂದ ನಿಲ್ಲಿಸು."