ಪಕ್ಕದ ಎಲೆಯ ರೊಟ್ಟಿ

ಹರಿಹರದಿಂದ ಸ್ವಲ್ಪ ಕೆಳಗೆ, ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿದ್ದ ಗುರುಗಳ ಹೆಸರು ನಿರ್ವಾಣಯ್ಯ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಆ ಕಡೆ ಗುರುಗಳನ್ನು ಹಾಗೆ ಕರೆಯುವುದು ರೂಢಿ.

ಶಿಷ್ಯನ ಹೆಸರು ವಾಗೀಶ. ಅವನು ಆಶ್ರಮದಲ್ಲಿ ವಾಸವಿರಲಿಲ್ಲ. ಊರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ, ಭಾನುವಾರ ಮಾತ್ರ ಬರುತ್ತಿದ್ದ. ವಾರಕ್ಕೊಮ್ಮೆ ಬರುವವನನ್ನು ಶಿಷ್ಯ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ಅಜ್ಜಾರು ಕೇಳಿರಲಿಲ್ಲ.

ಆ ಭಾನುವಾರ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಬಡಿಸುವ ಪಾತ್ರೆ ತಿಕ್ಕುತ್ತಿದ್ದರು. ವಾಗೀಶ ಪಕ್ಕದಲ್ಲಿ ಕೂತ.

"ಅಜ್ಜಾರೇ, ಗುರುವಾರ ಒಂದು ಮನೆಯ ರಿಜಿಸ್ಟ್ರಿ ಇದೆ. ಆಶೀರ್ವಾದ ಬೇಕು."

"ಇರೋದಕ್ಕೆ ಮನೆ ಇಲ್ಲವೇನು ನಿನಗೆ?"

"ಇರೋದಕ್ಕಲ್ಲ. ಸ್ವತಂತ್ರ ಆಗೋದಕ್ಕೆ."

ಅಜ್ಜಾರು ತಿಕ್ಕುವುದನ್ನು ನಿಲ್ಲಿಸಿದರು. "ಹೇಳು."

ವಾಗೀಶ ಹೇಳಿದ. ದುಡ್ಡಿನ ವಿಷಯ ಅವನಿಗೆ ಯಾರೂ ಕಲಿಸಿರಲಿಲ್ಲ. ಪುಸ್ತಕ ಓದಿ, ಮೊಬೈಲಿನಲ್ಲಿ ವೀಡಿಯೊ ನೋಡಿ ತಾನೇ ಕಲಿತಿದ್ದ. ಎಂಟು ವರ್ಷ ಹೋಟೆಲಿನ ಚಹಾ ಬಿಟ್ಟಿದ್ದ, ಹೊಸ ಬೈಕು ಬಿಟ್ಟಿದ್ದ. ಉಳಿಸಿದ್ದಕ್ಕೆ ಬ್ಯಾಂಕಿನ ಸಾಲ ಸೇರಿಸಿ ಒಂದು ಮನೆ ಕೊಂಡಿದ್ದ. ಗುರುವಾರದ್ದು ಎರಡನೆಯದು, ಮೂರು ಪೋರ್ಷನ್ನಿನದು.

"ಮೂರು ಬಾಡಿಗೆ ಬಂದರೆ ನಲವತ್ತರೊಳಗೆ ಕೆಲಸ ಬಿಡಬಹುದು, ಅಜ್ಜಾರೇ. ಆಮೇಲೆ ಯಾರ ಫೋನ್ ಬಂದರೂ ನಾನು ಹೆದರಬೇಕಾಗಿಲ್ಲ. ಇಲ್ಲೇ ಬಂದು ನಿಮ್ಮ ಹತ್ತಿರ ಇದ್ದುಬಿಡುತ್ತೇನೆ."

"ಚಹಾ ಬಿಟ್ಟವನು ನೀನು. ಗಟ್ಟಿ ಮನುಷ್ಯ. ಮೊದಲನೇ ಮನೆಯಿಂದ ಎಷ್ಟು ಬಾಡಿಗೆ ಬರುತ್ತದೆ?"

"ಬಾಡಿಗೆ ಬರಲ್ಲ. ಅದನ್ನು ಭೋಗ್ಯಕ್ಕೆ ಕೊಟ್ಟಿದ್ದೇನೆ."

ಭೋಗ್ಯದ ವಿಷಯ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನೆಗೆ ಬರುವವರು ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕನ ಕೈಗೆ ಕೊಡುತ್ತಾರೆ. ಅಷ್ಟು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ. ಅವಧಿ ಮುಗಿದಾಗ ಮಾಲೀಕ ಅದೇ ಮೊತ್ತವನ್ನು ವಾಪಸು ಕೊಡಬೇಕು, ಅವರು ಮನೆ ಬಿಡಬೇಕು. ಹಣ ಮಾಲೀಕನ ಬಳಿ ಇರುತ್ತದೆ, ಆದರೆ ಅವನದಲ್ಲ.

"ಆ ಹಣ ಏನು ಮಾಡಿದೆ?" ಎಂದರು ಅಜ್ಜಾರು.

ವಾಗೀಶನ ಮುಖ ಅರಳಿತು. "ಅದೇ ಜಾಣತನ ನೋಡಿ. ಸೈಟು ಕೊಂಡೆ, ಮಾರಿದೆ, ಲಾಭ ಬಂತು. ಲಾಭವನ್ನು ಗುರುವಾರದ ಮನೆಗೆ ಮುಂಗಡ ಕೊಟ್ಟೆ, ಅಸಲು ಬ್ಯಾಂಕಿನಲ್ಲಿದೆ. ಅದನ್ನೂ ಅದೇ ಮನೆಗೆ ಹಾಕುತ್ತೇನೆ. ದುಡ್ಡು ಸುಮ್ಮನೆ ಕೂರಬಾರದು, ದುಡಿಯಬೇಕು."

"ಯಾರ ದುಡ್ಡು?"

ವಾಗೀಶ ಉತ್ತರಿಸುವುದರೊಳಗೆ ಮೆಟ್ಟಿಲ ಮೇಲಿಂದ ಒಂದು ಹೆಣ್ಣುದನಿ ಕೇಳಿತು.

"ಏನು ವಾಗೀಶಣ್ಣ, ನೀವು ಆಶ್ರಮಕ್ಕೆ ಬಂದರೆ ನಿಮ್ಮ ಫೋನೂ ಮೌನವ್ರತ ಹಿಡೀತದಾ?"

ಬಂದವಳು ಗೌರಕ್ಕ. ಭೋಗ್ಯಕ್ಕೆ ಆ ಮನೆಯಲ್ಲಿದ್ದವಳು ಇವಳೇ. ಬಟ್ಟೆ ಹೊಲಿಯುವವಳು. ವಾಗೀಶ ಎದ್ದು ನಿಂತ. ಅವನ ಕೈ ಜೇಬಿನ ಮೇಲೆ ಹೋಯಿತು. ಜೇಬಿನಲ್ಲಿ ಫೋನಿತ್ತು, ಆಫ್ ಮಾಡಿಟ್ಟಿದ್ದ.

"ಅಕ್ಕಾ, ಹೇಳಿದೆನಲ್ಲ, ಇನ್ನೊಂದು ವರ್ಷ ಇರಿ ಅಂತ. ಬಾಡಿಗೆ ಇಲ್ಲ, ಏನಿಲ್ಲ. ನಿಮಗೇ ಲಾಭ."

"ನನ್ನ ಲಾಭ ನೀವು ಯಾಕೆ ನೋಡ್ತೀರಿ? ಅವಧಿ ಮುಗಿದು ತಿಂಗಳಾಯ್ತು." ಗೌರಕ್ಕ ಅಜ್ಜಾರ ಕಡೆ ತಿರುಗಿದಳು. "ಪೇಟೆ ಬೀದೀಲಿ ಒಂದು ಮಳಿಗೆ ಸಿಕ್ಕಿದೆ, ಅಜ್ಜಾರೇ. ನಾಲ್ಕು ಮಷಿನ್ ಹಾಕಬಹುದು. ಮೇಲೆ ಇರೋದಕ್ಕೆ ಕೋಣೆ ಇದೆ. ಇಷ್ಟು ವರ್ಷ ಕಂಡವರ ಅಂಗಡಿಗೆ ಹೊಲಿದುಕೊಟ್ಟೆ, ಇನ್ನು ನನ್ನ ಅಂಗಡಿಗೆ ಹೊಲೀಬೇಕು ಅಂತ. ಶುಕ್ರವಾರದವರೆಗೆ ಕಾಯ್ತೀನಿ ಅಂದಿದ್ದಾನೆ ಮಳಿಗೆಯವನು. ಶನಿವಾರ ಬೇರೆಯವರಿಗೆ ಕೊಡ್ತಾನೆ."

ವಾಗೀಶ ಅಜ್ಜಾರನ್ನು ನೋಡಿದ. ಅವರು ಏನಾದರೂ ಹೇಳುತ್ತಾರೆಂದು ಕಾದ.

ಅಜ್ಜಾರು ಪಾತ್ರೆ ಎತ್ತಿಕೊಂಡರು. "ಊಟದ ಹೊತ್ತಾಯಿತು. ಇಬ್ಬರೂ ಬನ್ನಿ."

ಆ ಆಶ್ರಮದ ಪಂಕ್ತಿಗೆ ಒಂದು ನಿಯಮವಿತ್ತು. ಸಾಲಿನ ಕೊನೆಯ ಎಲೆಗೂ ಬಡಿಸಿ ಆಗುವವರೆಗೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಒಂದು ಎಲೆ ಖಾಲಿಯಿದ್ದರೂ ಎಲ್ಲರೂ ಕಾಯಬೇಕು.

ಬಡಿಸುವವರು ಯಾವಾಗಲೂ ಅಜ್ಜಾರೇ. ಅವರು ವಾಗೀಶನನ್ನೂ ಗೌರಕ್ಕನನ್ನೂ ಅಕ್ಕಪಕ್ಕ ಕೂರಿಸಿದರು. ವಾಗೀಶನ ಎಲೆಗೆ ಒಂದು ಜೋಳದ ರೊಟ್ಟಿ ಹಾಕಿದರು. ಗೌರಕ್ಕನ ಎಲೆಗೆ ಎರಡು. ಸಾಲಿನ ಕೊನೆಯವರೆಗೆ ಬಡಿಸಿ ವಾಪಸು ಬಂದರು.

ಬಂದವರು ಬಗ್ಗಿ ಗೌರಕ್ಕನ ಎಲೆಯಿಂದ ಎರಡೂ ರೊಟ್ಟಿ ಎತ್ತಿ ವಾಗೀಶನ ಎಲೆಗೆ ಹಾಕಿದರು.

ಗೌರಕ್ಕನ ಎಲೆ ಖಾಲಿಯಾಯಿತು. ವಾಗೀಶನ ಎಲೆಯಲ್ಲಿ ಮೂರು ರೊಟ್ಟಿ.

"ಅಜ್ಜಾರೇ, ಇವು ಅಕ್ಕನವು," ಎಂದ ವಾಗೀಶ.

"ನಿನ್ನ ಎಲೆಯಲ್ಲಿವೆ."

"ನನ್ನ ಎಲೆಯಲ್ಲಿದ್ದರೆ ನನ್ನವಾಗ್ತವಾ?"

"ಭೋಗ್ಯ ಅಂದರೆ ಏನು? ಭೋಗಿಸುವುದು, ಉಣ್ಣುವುದು. ಉಣ್ಣು."

ವಾಗೀಶ ರೊಟ್ಟಿ ಮುಟ್ಟಲಿಲ್ಲ. ಮುಟ್ಟುವಂತೆಯೂ ಇರಲಿಲ್ಲ, ಪಕ್ಕದ ಎಲೆ ಖಾಲಿಯಿತ್ತು. ಸಾಲಿನಲ್ಲಿ ಎಲ್ಲರ ಕೈ ಮಡಿಲಲ್ಲಿತ್ತು.

"ಏನಾಯ್ತಪ್ಪಾ ಅಲ್ಲಿ?" ಎಂದು ಕೊನೆಯಲ್ಲಿ ಕೂತಿದ್ದ ಒಬ್ಬ ಮುದುಕ ಕೂಗಿದ. "ಸಾರು ಆರ್ತಾ ಇದೆ!"

"ವಾಗೀಶನನ್ನು ಕೇಳಿ," ಎಂದರು ಅಜ್ಜಾರು. "ಇನ್ನೊಂದು ವರ್ಷ ಹೀಗೇ ಕೂತಿರಿ ಅಂತಾನೆ."

ಗೌರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವಾಗೀಶ ನಗಲಿಲ್ಲ. ಅವನು ತಲೆ ತಗ್ಗಿಸಿ ಲೆಕ್ಕ ಹಾಕುತ್ತಿದ್ದ. ಅಸಲು ಕೊಟ್ಟರೆ ಗುರುವಾರದ ಮನೆ ಇಲ್ಲ. ಆ ಮನೆಗೆ ಕೊಟ್ಟ ಮುಂಗಡ ಹೋಗುತ್ತದೆ. ಮುಂಗಡ ಹೋದರೆ ಸೈಟಿನ ಲಾಭವೂ ಹೋದ ಹಾಗೆ. ಲೆಕ್ಕ ಸರಿಯಾಗಿಯೇ ಇತ್ತು. ಎಷ್ಟು ಸಲ ಹಾಕಿದರೂ ಎರಡು ರೊಟ್ಟಿ ಗೌರಕ್ಕನವೇ ಆಗಿದ್ದವು.

"ನಲವತ್ತಕ್ಕೆ ಆಗಲ್ಲ, ಅಜ್ಜಾರೇ," ಎಂದ ಮೆಲ್ಲಗೆ.

"ಯಾವುದು?"

"ಸ್ವತಂತ್ರ ಆಗೋದು."

ಅಜ್ಜಾರು ರೊಟ್ಟಿಯ ಬುಟ್ಟಿ ಹಿಡಿದು ಅಲ್ಲೇ ನಿಂತರು.

"ಬೇಗ ಮಾಡೋ ತಮ್ಮಾ!" ಎಂದ ಮುದುಕ.

ವಾಗೀಶ ಜೇಬಿನಿಂದ ಫೋನು ತೆಗೆದ. ಆಫ್ ಮಾಡಿಟ್ಟಿದ್ದ ಫೋನು ಆನ್ ಆಗಲು ಸಮಯ ತೆಗೆದುಕೊಂಡಿತು. ಬಂದ ಕರೆಗಳು ಒಂದರ ಕೆಳಗೊಂದು ಕಾಣಿಸಿದವು. ಹೆಚ್ಚಿನವು ಗೌರಕ್ಕನವು. ಅವನು ಬ್ರೋಕರಿಗೆ ಫೋನ್ ಮಾಡಿದ. ಸಾಲಿನವರೆಲ್ಲ ಕೇಳಿಸಿಕೊಂಡರು.

"ರುದ್ರೇಶಣ್ಣ, ಗುರುವಾರದ್ದು ಬೇಡ... ಹೌದು, ಬೇಡ... ಮುಂಗಡ ವಾಪಸು ಬರಲ್ಲ, ಗೊತ್ತು... ಇಲ್ಲ, ತಲೆ ಕೆಟ್ಟಿಲ್ಲ. ಊಟಕ್ಕೆ ಕೂತಿದ್ದೇನೆ."

ಫೋನು ಪಕ್ಕಕ್ಕಿಟ್ಟು ಎರಡು ರೊಟ್ಟಿಗಳನ್ನು ಗೌರಕ್ಕನ ಎಲೆಗೆ ಹಾಕಿದ.

"ನಾಳೆ ಬ್ಯಾಂಕು ತೆರೆಯೋ ಹೊತ್ತಿಗೆ ಬನ್ನಿ, ಅಕ್ಕಾ."

"ನಾಳೆ ಫೋನ್ ಎತ್ತುತ್ತೀರಾ?"

"ಎತ್ತುತ್ತೇನೆ."

"ಹಾಗಾದರೆ ಮನೆಯ ಬೀಗದಕೈ ಶುಕ್ರವಾರ ತಂದುಕೊಡ್ತೀನಿ. ಅಡುಗೆಮನೆ ನಲ್ಲಿ ಸೋರ್ತದೆ. ಮುಂದಿನವರು ಬರೋದರೊಳಗೆ ರಿಪೇರಿ ಮಾಡಿಸಿ."

ಸಾಲಿನಲ್ಲಿ ಎಲ್ಲರೂ ಉಣ್ಣಲು ಶುರುಮಾಡಿದರು. ಮುದುಕ ಎಲ್ಲರಿಗಿಂತ ಮೊದಲು.

ವಾಗೀಶ ತನ್ನ ಎಲೆ ನೋಡಿದ. ಒಂದು ರೊಟ್ಟಿ, ಸ್ವಲ್ಪ ಪಲ್ಯ. ಅವನು ಮತ್ತೆ ಲೆಕ್ಕ ಹಾಕಿದ. ಈ ಸಲ ಚಿಕ್ಕ ಲೆಕ್ಕ. ಖಾಲಿಯಾದ ಮನೆಯನ್ನು ಬಾಡಿಗೆಗೆ ಕೊಟ್ಟರೆ ಬ್ಯಾಂಕಿನ ಕಂತಿಗೆ ಆಗುತ್ತದೆ. ಕಂತು ಕಟ್ಟಿದ ಮೇಲೆ ತಿಂಗಳಿಗೆ ಒಂದು ಮೂಟೆ ಅಕ್ಕಿಯಷ್ಟು ಉಳಿಯುತ್ತದೆ. ಅಷ್ಟೇ. ಆದರೆ ಅದನ್ನು ಯಾರೂ ವಾಪಸು ಕೇಳುವುದಿಲ್ಲ.

ಅಜ್ಜಾರು ಇನ್ನೂ ಬುಟ್ಟಿ ಹಿಡಿದು ನಿಂತಿದ್ದರು.

"ಅಜ್ಜಾರೇ, ಇಷ್ಟು ಸಾಕಾಗ್ತದಾ ನನಗೆ?"

"ಸಾಕೋ, ಇನ್ನೂ ಬೇಕೋ, ಉಂಡ ಮೇಲೆ ಹೇಳು."