ವೂಫರ್ ದೊಡ್ಡದು, ಪೆಟ್ಟಿಗೆ ಚಿಕ್ಕದು

ಕಪಿಲೆಯ ದಡದಲ್ಲಿ ಕಾಳಾಚಾರಿಯವರು ಸ್ಪೀಕರ್ ಪೆಟ್ಟಿಗೆ ಮಾಡುತ್ತಿದ್ದರು. ಅವರ ಬಳಿ ಆರು ವರ್ಷ ಕಲಿತ ನಿಂಗರಾಜು ಮೊದಲ ಸಲ ತಾನೊಬ್ಬನೇ ಒಂದು ಪೆಟ್ಟಿಗೆ ಮಾಡಿದ.

ಅದು ಕಿವಿ ಕೇಳದ ಹೆಣ್ಣುಮಕ್ಕಳ ಶಾಲೆಗೆ. ಮಕ್ಕಳು ಹಲಗೆಯ ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತು, ನಗಾರಿಯ ಪೆಟ್ಟನ್ನು ಅಂಗಾಲಲ್ಲೇ ಹಿಡಿದು ಕುಣಿಯಬೇಕಿತ್ತು. ಭಾನುವಾರ ಕಾರ್ಯಕ್ರಮ. ಅಷ್ಟರೊಳಗೆ ತಾಳ ಸಿಗದಿದ್ದರೆ ಕುಣಿತವನ್ನೇ ಬಿಟ್ಟುಬಿಡೋಣ ಎಂದಿದ್ದರು ಟೀಚರಮ್ಮ.

ನಿಂಗರಾಜು ಮಂದ್ರ ನಾದ ಹೊರಡಿಸುವ ಸ್ಪೀಕರ್, ಹದಿನೈದು ಇಂಚಿನ ವೂಫರ್ ತಂದ. ಪೆಟ್ಟಿಗೆಯನ್ನು ಮಾತ್ರ ಅದು ಹಿಡಿಯುವಷ್ಟೇ ಮಾಡಿದ. ನೋಡಲು ಬಲು ಅಚ್ಚುಕಟ್ಟು.

ಶಾಲೆಗೆ ಒಯ್ದು ಹಾಡು ಹಾಕಿದ. ಮಕ್ಕಳು ಕಾಲಿಗೆ ಏನೂ ತಾಕುತ್ತಿಲ್ಲವೆಂದು ತಲೆಯಲ್ಲಾಡಿಸಿದರು.

ಸೌಂಡ್ ಏರಿಸಿದ. ಟೀಚರಮ್ಮ ಕಿವಿ ಮುಚ್ಚಿಕೊಂಡರು. ಮಕ್ಕಳು ಮತ್ತೆ ತಲೆಯಲ್ಲಾಡಿಸಿದರು.

ಅವನಿಗೆ ತುಂಬ ನಾಚಿಕೆಯಾಯಿತು. ಪೆಟ್ಟಿಗೆ ಹೊತ್ತು ಗುರುಗಳ ಬಳಿಗೆ ಬಂದ.

“ಇನ್ನೂ ದೊಡ್ಡ ವೂಫರ್ ಬೇಕು ಗುರುಗಳೇ. ಹದಿನೆಂಟು ಇಂಚಿಂದು.”

ಆಚಾರಿಯವರು ಅವನ ಅಂಗೈಯನ್ನು ವೂಫರಿನ ಕಾಗದದ ಪೊರೆಯ ಮೇಲಿಟ್ಟರು. “ಮೆತ್ತಗೆ ಒತ್ತು.”

“ಒತ್ತಕ್ಕೇ ಬಿಡ್ತಿಲ್ಲ.”

ಅವರು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದರು. “ಈಗ?”

“ಸಲೀಸಾಗಿ ಹೋಗ್ತದೆ.”

“ಹಂಗಾರೆ ತಡೀತಿದ್ದದ್ದು ಯಾರು?”

ನಿಂಗರಾಜು ಪೆಟ್ಟಿಗೆಯೊಳಗೆ ಇಣುಕಿದ. “ಒಳಗಿನ ಗಾಳಿ.”

“ಕಾಲಿಗೆ ತಾಕೋದು ಮಂದ್ರ ನಾದ. ಅದಕ್ಕೆ ವೂಫರ್ ಹಿಂದೆ ಮುಂದೆ ಉದ್ದಕ್ಕೆ ಹೋಗಿ ಬರಬೇಕು. ಗಾಳಿಗೇ ಜಾಗ ಇಲ್ದೆ ಅದೆಲ್ಲಿಗೆ ಹೋಗ್ತದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಗೇಣುದ್ದ ಹಾಸಿಗೆ ಹಾಸಿ ಆಳುದ್ದ ಮಲಗು ಅಂತೀಯಲ್ಲೋ!”

ಇಬ್ಬರೂ ಸೇರಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಮಾಡಿದರು. ಆಚಾರಿಯವರು “ಚಿಕ್ಕದಾದ್ರೆ ಗಾಳಿ ಇನ್ನೂ ಕಮ್ಮಿ ತಡೀತದೆ” ಎಂದು ಅದಕ್ಕೆ ಹನ್ನೆರಡು ಇಂಚಿನ ವೂಫರ್ ಕೂರಿಸಿದರು. ನಿಂಗರಾಜುವಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. ಆದರೂ ಸ್ಕ್ರೂ ಬಿಗಿದ.

ಶನಿವಾರ ಶಾಲೆಯಲ್ಲಿ ಹಾಡು ಹಾಕಿದರು. ಆಂಪ್ಲಿಫೈಯರಿನ ಮೇಲೆ ಬಗ್ಗಿದ್ದ ನಿಂಗರಾಜುವಿನ ಮುಖ ಬಾಡಿಹೋಯಿತು.

“ಕೆಟ್ಟೋಯ್ತು ಗುರುಗಳೇ. ಮೊದಲಿನ ಅಬ್ಬರವೇ ಇಲ್ಲ. ನಂಗೆ ಸರಿಯಾಗಿ ಕೇಳಿಸ್ತಾನೇ ಇಲ್ಲ.”

ಸೌಂಡ್ ಏರಿಸಲು ಕೈ ಚಾಚಿದ. ಆಚಾರಿಯವರು ಆ ಕೈ ಹಿಡಿದು, ಅವನನ್ನು ವೇದಿಕೆಯ ಕಡೆಗೆ ತಿರುಗಿಸಿದರು.

ಹನ್ನೊಂದು ಹೆಣ್ಣುಮಕ್ಕಳ ಕಾಲುಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

“ನಿಂಗೆ ಕೇಳಿಸ್ಲಿ ಅಂತ ಮಾಡಿದ್ದೇನಪ್ಪ ಅದು?” ಎಂದರು ಆಚಾರಿಯವರು.